ಹೊಸ್ತಿಲು ದಾಟದ ರೋಬೋ: ತೋಟದ ಮನೆಗೆ ಯಾವ ವ್ಯಾಕ್ಯೂಮ್ ಕ್ಲೀನರ್ ತಗೊಳ್ಳುದು?

ಪ್ರಶ್ನೆ: ನಾನು ಬೆಂಗಳೂರಲ್ಲಿ ಕೆಲಸದಲ್ಲಿದ್ದೇನೆ, ಅಪ್ಪ ಅಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ತೋಟದ ಮನೆಯಲ್ಲಿ ಇಬ್ಬರೇ. ಅಮ್ಮನಿಗೆ 66, ಮೊಣಕಾಲು ನೋವು, ಬಗ್ಗಿ ಗುಡಿಸ್ಲಿಕ್ಕೆ ಆಗುದಿಲ್ಲ, ಕೆಲಸಕ್ಕೆ ಬರ್ತಿದ್ದವರೂ ಎರಡು ತಿಂಗಳಿಂದ ಬರ್ತಿಲ್ಲ. ಹಿಂದಿನ ಅರ್ಧ ಹಳೇ ಮನೆ, ಕಾವಿ ನೆಲ. ಎದುರಿಗೆ 5 ವರ್ಷ ಹಿಂದೆ ಸೇರಿಸಿ ಕಟ್ಟಿದ ಹಾಲ್ ಮತ್ತು ಎರಡು ಬೆಡ್‌ರೂಮಿಗೆ ಟೈಲ್ಸ್. ಒಂದು ಬೆಕ್ಕು ಉಂಟು. 30 ಸಾವಿರದೊಳಗೆ ಯಾವ ರೋಬೋ ತಗೊಳ್ಬಹುದು? ಒರೆಸುವುದೂ ಅದೇ ಮಾಡ್ತದಾ? ಕಾವಿ ನೆಲಕ್ಕೆ ಏನಾದ್ರೂ ಆಗ್ತದಾ?

ಉತ್ತರ: ಕಂಪೆನಿ ಹೆಸರು ಮತ್ತೆ ನೋಡುವ. ಮೊದಲು ಅಪ್ಪನಿಗೆ ಫೋನ್ ಮಾಡಿ, ಒಂದು ಸ್ಕೇಲ್ ಹಿಡ್ಕೊಂಡು ಮನೆಯ ಎಲ್ಲಾ ಹೊಸ್ತಿಲುಗಳ ಎತ್ತರ ಅಳೀಲಿಕ್ಕೆ ಹೇಳಿ. ತಮಾಷೆ ಅಲ್ಲ. ನಾನು ಕಾಸರಗೋಡಲ್ಲಿ ಮಿಕ್ಸಿ, ಗ್ರೈಂಡರ್, ವಾಷಿಂಗ್ ಮೆಷಿನ್ ರಿಪೇರಿಗೆ ಕೂತು 19 ವರ್ಷ ಆಯ್ತು, ಈ ರೋಬೋಗಳು ಅಂಗಡಿಗೆ ಬರ್ಲಿಕ್ಕೆ ಶುರುವಾದದ್ದು ಕೊರೋನ ಕಳೆದ ಮೇಲೆ, ಬಂದದ್ದರಲ್ಲಿ ಅರ್ಧಕ್ಕರ್ಧ ಮೆಷಿನಿಗೆ ರೋಗವೇ ಇರುದಿಲ್ಲ ಮಾರಾಯ್ರೆ, ಮನೆಗೂ ಅದಕ್ಕೂ ಜಾತಕ ಕೂಡಿ ಬಂದಿರುದಿಲ್ಲ ಅಷ್ಟೆ.

ಸಾಮಾನ್ಯ ರೋಬೋ ಹತ್ತುವುದು 2 ಸೆಂಟಿಮೀಟರ್. ಬಾಗಿಲಿನ ಅಡಿಯ ಗ್ರಾನೈಟ್ ಪಟ್ಟಿ, ತೆಳು ಕಾಲೊರೆಸು, ಇಷ್ಟನ್ನು ದಾಟ್ತದೆ. ನಮ್ಮ ಹಳೇ ಮನೆಗಳ ಹಲಸಿನ ಮರದ ಹೊಸ್ತಿಲು 4 ಇಂಚು, 5 ಇಂಚು ಇರ್ತದೆ, ದೇವರ ಕೋಣೆಯದ್ದು ಇನ್ನೂ ಎತ್ತರ. 4 ಇಂಚು ಅಂದ್ರೆ 10 ಸೆಂಟಿಮೀಟರ್, ರೋಬೋವಿನ ಎತ್ತರವೂ ಹೆಚ್ಚುಕಡಿಮೆ ಅಷ್ಟೇ. ಅಂದ್ರೆ ಅದರ ಪಾಲಿಗೆ ಅದು ಹೊಸ್ತಿಲಲ್ಲ, ಗೋಡೆ. ತಾನೇ ಮಾಡ್ಕೊಳ್ಳುವ ಮನೆಯ ಮ್ಯಾಪಲ್ಲೂ ಗೋಡೆ ಅಂತಲೇ ಬರ್ಕೊಳ್ತದೆ. ಈಗ ಕಾಲು ಮಡಚಿ ಎತ್ತಿ ಹತ್ತುವ ಹೊಸ ಮಾಡೆಲ್‌ಗಳು ಬಂದಿವೆ, ಅವುಗಳಲ್ಲೂ ಹೆಚ್ಚಿನವು 4 ಸೆಂಟಿಮೀಟರ್, ಎರಡು ಮೆಟ್ಟಿಲಾಗಿ ಇದ್ರೆ 6 ಸೆಂಟಿಮೀಟರ್ ಅಂತ ಹೇಳುದು, ಬೆಲೆ ನಿಮ್ಮ ಬಜೆಟ್ಟಿಗಿಂತ ಎಷ್ಟೋ ಮೇಲೆ. ಕೆಲವರು ಮರದ ಆಚಾರಿ ಹತ್ರ ಇಳಿಜಾರು ಹಲಗೆ ಮಾಡಿಸ್ತಾರೆ, 3 ಸೆಂಟಿಮೀಟರಿನವರೆಗೆ ಅದು ಸರಿ, ಆದ್ರೆ 4 ಇಂಚಿನ ಹೊಸ್ತಿಲಿಗೆ ಎರಡೂ ಬದಿಗೆ ಒಂದೂವರೆ ಎರಡು ಅಡಿ ಉದ್ದದ ಹಲಗೆ ಬೇಕು. ಮೊಣಕಾಲು ನೋವಿನವರು ರಾತ್ರಿ ಬಚ್ಚಲಿಗೆ ಹೋಗುವ ದಾರಿಲಿ ಅದನ್ನು ಇಡುದಾ? ನಾನಂತೂ ಬೇಡ ಹೇಳ್ತೇನೆ.

ಹಾಗಾಗಿ ನಿಮ್ಮ ಮನೆಯಲ್ಲಿ ರೋಬೋದ ರಾಜ್ಯ ಎದುರಿನ ಟೈಲ್ಸ್ ಭಾಗ ಮಾತ್ರ ಅಂತ ಈಗಲೇ ಮನಸ್ಸಲ್ಲಿ ಇಟ್ಕೊಳ್ಳಿ. ಹಾಲ್, ಎರಡು ಬೆಡ್‌ರೂಮು, ಸುತ್ತಿಕೊಂಡು ಬರ್ಲಿ. ಹಿಂದಿನ ಕಾವಿ ನೆಲದ ಕೋಣೆಗಳಿಗೆ ಬೇಕಾದ್ರೆ ಕೈಯಲ್ಲಿ ಎತ್ತಿ ತಕ್ಕೊಂಡು ಹೋಗಿ ಬಿಟ್ಟು ಬಟನ್ ಒತ್ತಬಹುದು, ಕೆಲಸ ಮುಗಿಸಿ ಬಿಟ್ಟ ಜಾಗಕ್ಕೇ ಬಂದು ನಿಲ್ತದೆ. ಆದ್ರೆ ಮೂರು ಮೂರೂವರೆ ಕಿಲೋ ಭಾರ, ನೆಲದಿಂದ ಎತ್ತುದು, ನೆಲದಲ್ಲಿ ಇಡುದು. ಅಮ್ಮನಿಂದ ಆಗುವ ಕೆಲಸ ಅಲ್ಲ, ಅಪ್ಪನಿಗೆ ಮನಸ್ಸಿದ್ರೆ ಆಗ್ತದೆ.

ಇಲ್ಲಿ ಇನ್ನೊಂದು ಉಂಟು, ಗಿಫ್ಟ್ ಕೊಡುವ ಮಕ್ಕಳು ಯೋಚನೆ ಮಾಡುದೇ ಇಲ್ಲ. ಬಗ್ಗುದು ಬೇಡ ಅಂತ ತಂದ ಮೆಷಿನಿನ ಕಸದ ಡಬ್ಬಿ ಖಾಲಿ ಮಾಡ್ಲಿಕ್ಕೆ ದಿನಾ ಬಗ್ಗಬೇಕು. ಡಬ್ಬಿ ಸಣ್ಣದು, ಅರ್ಧ ಲೀಟರಿಗಿಂತಲೂ ಕಡಿಮೆ, ಬೆಕ್ಕಿನ ರೋಮ ಇರುವ ಮನೆಯಲ್ಲಿ ಒಂದೇ ರೌಂಡಿಗೆ ತುಂಬ್ತದೆ. ತುಂಬಿದ ಮೇಲೂ ಅದು ಓಡಾಡ್ತಾ ಇರ್ತದೆ, ಎಳೆಯುದು ಮಾತ್ರ ಇಲ್ಲ, ನೋಡುವವರಿಗೆ ಕೆಲಸ ಆಗ್ತಾ ಉಂಟು ಅಂತ ಕಾಣ್ತದೆ. ಹಾಗಾಗಿ ಬೇರೆಯವರಿಗೆ ನಾನು ಸುಮ್ಮನೆ ದುಡ್ಡು ದಂಡ ಅಂತ ಹೇಳುವ ಆಟೋ ಎಂಪ್ಟಿ ಡಾಕ್, ಅಂದ್ರೆ ಚಾರ್ಜ್ ಆಗುವ ಸ್ಟ್ಯಾಂಡೇ ಕಸ ಎಳೆದು ಒಂದು ಚೀಲಕ್ಕೆ ತುಂಬಿಸ್ಕೊಳ್ಳುವ ವ್ಯವಸ್ಥೆ, ನಿಮ್ಮ ಅಮ್ಮನಿಗೆ ಬೇಕು. ಆಫರ್ ಟೈಮಲ್ಲಿ ಅಂಥದ್ದು 30ರ ಆಸುಪಾಸಿಗೆ ಇಳಿದದ್ದು ಉಂಟು, ಸ್ವಲ್ಪ ಕಾದ್ರೆ ನಷ್ಟ ಇಲ್ಲ. ಚೀಲ ಎರಡು ಎರಡೂವರೆ ಲೀಟರಿನದ್ದು, 60 ದಿವಸ ಬರ್ತದೆ ಅಂತ ಕಂಪೆನಿಯವರು ಹೇಳ್ತಾರೆ, ಅದು ಒಣ ಊರಿನ ಲೆಕ್ಕ. ನಮ್ಮ ಜೋರು ಮಳೆಯ ಆಟಿ ತಿಂಗಳಲ್ಲಿ ರೋಮ, ಅನ್ನದ ಅಗುಳು, ಸತ್ತ ಇರುವೆ ಎಲ್ಲ ಸೇರಿ ಆ ಚೀಲ ಮೂರೇ ವಾರಕ್ಕೆ ಕಮಟು ವಾಸನೆ ಹೊಡೀಲಿಕ್ಕೆ ಶುರು. ಅರ್ಧ ತುಂಬಿದ್ರೂ ತಿಂಗಳಿಗೊಮ್ಮೆ ತೆಗೆದು ಬಿಸಾಡುದು ಒಳ್ಳೆದು. ಡಾಕ್ ಕಸ ಎಳೆಯುವಾಗ ಹತ್ತು ಹದಿನೈದು ಸೆಕೆಂಡು ದೊಡ್ಡ ಶಬ್ದ ಬರ್ತದೆ, ಬೆಕ್ಕು ಮೊದಲ ದಿನ ಅಟ್ಟ ಹತ್ತುದು ಗ್ಯಾರಂಟಿ.

ಇನ್ನು ದಾರಿ ಹುಡುಕುವ ವಿಷಯ. 2001ರಲ್ಲಿ ಸ್ವೀಡನ್ನಿನ ಎಲೆಕ್ಟ್ರೋಲಕ್ಸ್‌ನವರು ಟ್ರೈಲೊಬೈಟ್ ಅಂತ ಒಂದನ್ನು ಮಾರ್ಕೆಟ್ಟಿಗೆ ಬಿಟ್ರು, ಮರುವರ್ಷ ಅಮೆರಿಕದ ಐರೋಬೋಟ್ ಕಂಪೆನಿಯ ರೂಂಬಾ ಬಂತು. ಆ ಮೊದಲಿನ ರೂಂಬಾಕ್ಕೆ ಮ್ಯಾಪು ಗೀಪು ಎಂತದ್ದೂ ಇರ್ಲಿಲ್ಲ, ಗೋಡೆಗೆ ಡಿಕ್ಕಿ ಹೊಡೀಲಿ, ತಿರುಗಲಿ, ಮತ್ತೆ ಹೋಗಲಿ, ಹೀಗೆ. ಈಗಲೂ ಹತ್ತು ಸಾವಿರದ ಆಚೀಚೆ ಸಿಗುವ ಕೆಲವು ಮೆಷಿನ್‌ಗಳು ಅದೇ ಜಾತಿಯವು, ಇಲ್ಲದಿದ್ರೆ ಜೈರೋ ಅಂತ ಒಂದು ಸೆನ್ಸರ್ ಇಟ್ಟು ಅಂದಾಜಿಗೆ ಸಾಲಾಗಿ ಹೋಗುವಂಥವು, ಚಕ್ರ ಒಮ್ಮೆ ಜಾರಿದ್ರೆ ಲೆಕ್ಕ ತಪ್ಪಿತು. ಅದಕ್ಕಿಂತ ಮೇಲೆ ಕ್ಯಾಮೆರಾ ಇಟ್ಟು ಮನೆ ಗುರುತು ಹಿಡಿಯುವಂಥವು, ಮತ್ತೆ ಲಿಡಾರ್ ಇರುವಂಥವು. ಲಿಡಾರ್ ಅಂದ್ರೆ ತಲೆ ಮೇಲೆ ಸಣ್ಣ ದೋಸೆ ಕಾವಲಿ ಥರ ಒಂದು ಗುಂಡು ಮುಚ್ಚಳ ಕಾಣ್ತದಲ್ವಾ, ಅದರೊಳಗೆ ಲೇಸರ್ ಸುತ್ತುತ್ತಾ ಸುತ್ತಲಿನ ಗೋಡೆ ಎಷ್ಟು ದೂರ ಅಂತ ಅಳೀತಾ ಇರ್ತದೆ. ನೀವು ಕಣ್ಣು ಮುಚ್ಚಿ ಲಿಡಾರೇ ತಗೊಳ್ಳಿ. ಕಾರಣ, ಕ್ಯಾಮೆರಾಕ್ಕೆ ಬೆಳಕು ಬೇಕು, ಜುಲೈಯಲ್ಲಿ ನಮ್ಮ ಮನೆಗಳಲ್ಲಿ ಹಗಲು 11 ಗಂಟೆಗೂ ಲೈಟ್ ಹಾಕದಿದ್ರೆ ಮೋರೆ ಕಾಣುದಿಲ್ಲ, ಲೇಸರಿಗೆ ಕತ್ತಲಾದ್ರೂ ಒಂದೇ ಹಗಲಾದ್ರೂ ಒಂದೇ. ಅದಕ್ಕೆ ಮೋಸ ಆಗುದು ಕನ್ನಡಿ ಮತ್ತು ಗಾಜಿನಲ್ಲಿ. ನೆಲದವರೆಗೂ ಕನ್ನಡಿ ಇರುವ ವಾರ್ಡ್‌ರೋಬ್ ಇದ್ರೆ ಕನ್ನಡಿಯೊಳಗೂ ಒಂದು ಕೋಣೆ ಉಂಟು ಅಂತ ಮ್ಯಾಪಲ್ಲಿ ಬರೆದು ಅಲ್ಲಿಗೆ ಹೋಗ್ಲಿಕ್ಕೆ ಹೊರಡ್ತದೆ. ಅಲ್ಲಿಗೆ ಮೊಬೈಲಿನ ಆಪ್‌ನಲ್ಲಿ ದಾಟಬಾರದು ಅಂತ ಒಂದು ಗೆರೆ ಎಳೆದ್ರೆ ಮುಗೀತು. ಲಿಡಾರ್ ಮುಚ್ಚಳದಿಂದಾಗಿ ಎತ್ತರ ಸ್ವಲ್ಪ ಜಾಸ್ತಿ, ಅಪ್ಪನಿಗೆ ಹೊಸ್ತಿಲಿನ ಒಟ್ಟಿಗೆ ಸೋಫಾ, ಮಂಚ, ಕಪಾಟಿನ ಅಡಿಯ ಸಂದನ್ನೂ ಅಳೀಲಿಕ್ಕೆ ಹೇಳಿ. 10 ಸೆಂಟಿಮೀಟರಿಗಿಂತ ಎರಡು ಬೆರಳು ಹೆಚ್ಚಿರ್ಲಿ, ಸರಿಯಾಗಿ ಅಷ್ಟೇ ಇದ್ರೆ ಒಳಗೆ ಹೋಗಿ ಸಿಕ್ಕಿಹಾಕ್ಕೊಂಡು ಅಲ್ಲಿಂದ ಕೂಗ್ತದೆ, ಮತ್ತೆ ಅಪ್ಪ ಹೊಟ್ಟೆ ಅಡಿ ಹಾಕಿ ಮಲಗಿ ಕೋಲಿನಿಂದ ಎಳೆಯಬೇಕು.

ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ 8000 ಪಾಸ್ಕಲ್, 12000 ಪಾಸ್ಕಲ್ ಅಂತ ಹಾಕ್ತಾರಲ್ವಾ, ಅದು ಕಸ ಎಳೆಯುವ ಶಕ್ತಿಯ ಅಳತೆ, ಅದಕ್ಕೆ ತಲೆ ಕೆಡಿಸ್ಕೊಳ್ಬೇಡಿ. ದಪ್ಪ ಕಾರ್ಪೆಟ್ಟಿನ ನೂಲಿನ ಬುಡದಿಂದ ಧೂಳು ಎಳೀಲಿಕ್ಕೆ ಆ ಶಕ್ತಿ ಬೇಕು. ನಮ್ಮಲ್ಲಿ ಕಾರ್ಪೆಟ್ ಎಲ್ಲುಂಟು? ಟೈಲ್ಸಿಗೆ, ಕಾವಿ ನೆಲಕ್ಕೆ ಮೂರು ನಾಲ್ಕು ಸಾವಿರ ಧಾರಾಳ ಸಾಕು. ಅದಕ್ಕಿಂತ ಅಡಿಯ ಬ್ರಷ್ ಎಂಥದ್ದು ನೋಡಿ, ರೋಮದ ಬ್ರಷ್‌ಗಿಂತ ರಬ್ಬರ್ ರೆಕ್ಕೆಯ ರೋಲರ್ ಇದ್ರೆ ಕೂದಲು ಸುತ್ತುದು ಕಡಿಮೆ, ಸುತ್ತಿದ್ರೂ ಬಿಡಿಸ್ಲಿಕ್ಕೆ ಸುಲಭ.

ಕಾವಿ ನೆಲಕ್ಕೆ ಏನಾದ್ರೂ ಆಗ್ತದಾ ಅಂತ ಕೇಳಿದ್ದೀರಿ. ನೆಲಕ್ಕೆ ಅಷ್ಟೇನೂ ಆಗುದಿಲ್ಲ, ಕೆಲವೊಮ್ಮೆ ನೆಲದಿಂದ ರೋಬೋಕ್ಕೆ ಆಗ್ತದೆ. ಮೆಷಿನಿನ ಹೊಟ್ಟೆ ಅಡಿಯಲ್ಲಿ ಅಂಚಿಗೆ ನಾಲ್ಕೋ ಆರೋ ಸಣ್ಣ ಕಣ್ಣುಗಳು ಉಂಟು, ಅದರಿಂದ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಕೆಳಗೆ ಹೋಗಿ ನೆಲಕ್ಕೆ ತಾಗಿ ವಾಪಸ್ ಬರ್ತದೆ. ವಾಪಸ್ ಬಾರದಿದ್ರೆ ಎದುರಿಗೆ ಮೆಟ್ಟಿಲು, ಹೊಂಡ ಅಂತ ತಿಳ್ಕೊಂಡು ಹಿಂದೆ ಸರೀತದೆ. ಕೆಂಪು ನೆಲದಲ್ಲಿ ತೊಂದರೆ ಬಂದದ್ದು ನಾನು ನೋಡಿಲ್ಲ. ಆದ್ರೆ ಹಳೇ ಮನೆಗಳಲ್ಲಿ ಕೆಂಪಿನ ಸುತ್ತ ಕಪ್ಪು ಆಕ್ಸೈಡಿನ ಬಾರ್ಡರ್ ಹಾಕ್ತಿದ್ರಲ್ವಾ, ಕೆಲವು ಮನೆಯಲ್ಲಿ ಊಟದ ಕೋಣೆ ಪೂರ್ತಿ ಕಪ್ಪು, ಆ ಕಪ್ಪು ಬೆಳಕನ್ನು ನುಂಗಿಬಿಡ್ತದೆ. ನೀರ್ಚಾಲಿನ ಕಡೆಯ ಒಂದು ಮನೆಗೆ ನಾನೇ ಹೋಗಿ ನೋಡಿದ್ದೇನೆ, ರೋಬೋ ಕೋಣೆಯ ಮಧ್ಯದ ಕೆಂಪು ಚೌಕದಲ್ಲೇ ಸುತ್ತುತ್ತಾ ಇತ್ತು, ಆರಿಂಚಿನ ಕಪ್ಪು ಪಟ್ಟಿ ಅದಕ್ಕೆ ಲಕ್ಷ್ಮಣರೇಖೆ. ಸೆನ್ಸರಿನ ಮೇಲೆ ಬಿಳಿ ಕಾಗದ ಅಂಟಿಸಿದ್ರೆ ಸರಿ ಆಗ್ತದೆ ಅಂತ ಯೂಟ್ಯೂಬಿನಲ್ಲಿ ಹೇಳಿಕೊಡುವವರು ಇದ್ದಾರೆ. ಹೌದು, ಆಗ್ತದೆ, ಆಮೇಲೆ ಅದಕ್ಕೆ ಹೊಂಡವೂ ಕಾಣುದಿಲ್ಲ. ಹಾಗೆ ಅಂಟಿಸಿದವರೊಬ್ಬರ ರೋಬೋ ಜಗಲಿಯಿಂದ ಎರಡಡಿ ಕೆಳಗೆ ಅಂಗಳಕ್ಕೆ ಬಿದ್ದು ಲಿಡಾರ್ ಮುಚ್ಚಳ ಎರಡು ಹೋಳಾಗಿ ನನ್ನ ಟೇಬಲ್ಲಿಗೆ ಬಂದಿತ್ತು. ಕಪ್ಪು ಬಾರ್ಡರ್ ಇದ್ರೆ ಆ ಕೋಣೆ ಬಿಟ್ಟುಬಿಡಿ. ನೆಲಕ್ಕೆ ಗೆರೆ ಬೀಳುದು ಮೆಷಿನಿಂದ ಅಲ್ಲ, ಚಕ್ರಕ್ಕೋ ಒರೆಸುವ ಬಟ್ಟೆಗೋ ಸಿಕ್ಕಿದ ಹೊಯ್ಗೆ ಕಾಳಿಂದ, ಹಾಗಾಗಿ ವಾರಕ್ಕೊಮ್ಮೆ ಚಕ್ರ ಒರೆಸಿಡಿ.

ಒರೆಸುವ ವಿಷಯದಲ್ಲಿ ಆಸೆ ಸ್ವಲ್ಪ ಕಡಿಮೆ ಇಟ್ಕೊಳ್ಳಿ. ನಿಮ್ಮ ಬಜೆಟ್ಟಿನ ಹೆಚ್ಚಿನ ಮೆಷಿನ್‌ಗಳು ಹಿಂದೆ ಒಂದು ಒದ್ದೆ ಬಟ್ಟೆ ಎಳ್ಕೊಂಡು ಹೋಗ್ತವೆ, ಅಷ್ಟೆ. ಒತ್ತಿ ಉಜ್ಜುದಿಲ್ಲ. ಧೂಳಿನ ಪೊರೆ ಹೋಗ್ತದೆ, ಸಾರು ಚೆಲ್ಲಿ ಒಣಗಿದ ಕಲೆ ಹಾಗೇ ಇರ್ತದೆ. ಎರಡು ತಟ್ಟೆ ತಿರುಗಿಸಿ ಉಜ್ಜುವಂಥದ್ದು, ಬಟ್ಟೆಯನ್ನು ತಾನೇ ತೊಳೆದು ಬಿಸಿಗಾಳಿಯಲ್ಲಿ ಒಣಗಿಸುವ ಸ್ಟೇಷನ್ ಇರುವಂಥದ್ದು ಒಳ್ಳೆದೇ, ಆದ್ರೆ ಬೆಲೆ ಹೆಚ್ಚಾಗಿ ನಿಮ್ಮ ಬಜೆಟ್ ಮೀರ್ತದೆ, ಮತ್ತೆ ಆ ಕೊಳಕು ನೀರಿನ ಟ್ಯಾಂಕ್ ಎತ್ತಿ ಚೆಲ್ಲುವುದು ಯಾರು ಅನ್ನುವ ಪ್ರಶ್ನೆ ಪುನಃ ಅಮ್ಮನ ಮೊಣಕಾಲಿಗೇ ಬರ್ತದೆ. ಇನ್ನು ಟ್ಯಾಂಕಿಗೆ ಫಿನಾಯಿಲ್, ಡೆಟಾಲ್, ಸೋಪಿನ ಪುಡಿ, ಆ್ಯಸಿಡ್ ಯಾವುದೂ ಹಾಕ್ಲಿಕ್ಕಿಲ್ಲ, ಬರೇ ನೀರು. ಇದನ್ನು ಎಷ್ಟು ಹೇಳಿದ್ರೂ ಜನ ಕೇಳುದಿಲ್ಲ. ಫಿನಾಯಿಲ್ ವಾಸನೆ ಬಾರದಿದ್ರೆ ಮನೆ ಕ್ಲೀನ್ ಆಯ್ತು ಅಂತ ನಮ್ಮವರಿಗೆ ಸಮಾಧಾನ ಇಲ್ಲ. ಹಾಗೆ ಹಾಕಿದ ಒಂದನ್ನು ಬಿಚ್ಚಿದ್ದೆ, ಸಣ್ಣ ಪಂಪಿನ ಪೈಪಿನೊಳಗೆ ಬಿಳಿ ಲೋಳೆ, ಗಂಜಿ ತಿಳಿ ಗಟ್ಟಿಯಾದ ಹಾಗೆ, ಸೂಜಿ ಹಾಕಿ ಎಳೆದ್ರೆ ದಾರದ ಹಾಗೆ ಬರ್ತಿತ್ತು. ಕಾವಿ ನೆಲದ ಹೊಳಪಿಗೂ ಆ್ಯಸಿಡ್ ಒಳ್ಳೆದಲ್ಲ, ಅದು ನಿಮ್ಮ ಅಮ್ಮನಿಗೆ ನನಗಿಂತ ಚೆನ್ನಾಗಿ ಗೊತ್ತಿರ್ತದೆ. ಬಾವಿಯದ್ದಾಗ್ಲಿ, ನೀರಿಗೆ ಅಂತ ಗುಡ್ಡ ಕೊರೆದ ಸುರಂಗದ್ದಾಗ್ಲಿ, ನಿಮ್ಮ ನೀರಲ್ಲಿ ಕಬ್ಬಿಣದಂಶ ಇದ್ದು ಬಾಲ್ದಿಯಲ್ಲಿ ಕೆಂಪು ಪೊರೆ ಕಟ್ಟುವುದಾದ್ರೆ ಟ್ಯಾಂಕಿಗೆ ಫಿಲ್ಟರ್ ನೀರೇ ಹಾಕಿ, ಒಂದು ಸಲಕ್ಕೆ ಒಂದೆರಡು ಲೋಟ ಸಾಕಾಗ್ತದೆ.

ನಮ್ಮ ಊರಲ್ಲಿ ಮೆಷಿನ್ ಸಾಯುದು ಹೆಚ್ಚಾಗಿ ಮಳೆಗಾಲದಲ್ಲಿ. ತೋಟದಿಂದ ಬಂದ ಕಾಲಿನ ಕೆಂಪು ಮಣ್ಣು ಹಸಿ ಇರುವಾಗ ರೋಬೋ ಬಿಟ್ರೆ ಅದು ಎಳೆಯುದು ಧೂಳಲ್ಲ, ಕೆಸರು. ಒಳಗಿನ ಫ್ಯಾನಿನ ರೆಕ್ಕೆಗೆ ಆ ಮಣ್ಣು ಮೆತ್ತಿ ಒಣಗಿದ್ರೆ ತೂಕ ತಪ್ಪಿ ಮೋಟಾರು ಕರಕರ ಅಂತದೆ, ಕೆಲವು ಬೇರಿಂಗ್ ಸಮೇತ ಹೋಗ್ತವೆ. ಹಸಿ ಇದ್ದದ್ದು ಒಣಗಿದ ಮೇಲೆ ಬಿಡಿ, ಇಲ್ಲದಿದ್ರೆ ಆ ದಿನ ಬಿಡ್ಲೇಬೇಡಿ. ಹಾಗೆಯೇ ಫಿಲ್ಟರ್. ತೊಳೆಯಬಹುದು ಅಂತ ಬರೆದಿದ್ರೆ ಮಾತ್ರ ತೊಳೀರಿ, 24 ಗಂಟೆ ಒಣಗಿಸಿ ಅಂತ ಪುಸ್ತಕದಲ್ಲಿ ಇರ್ತದೆ, ಜುಲೈಯಲ್ಲಿ ಇಲ್ಲಿ ಪಂಚೆ ಒಣಗ್ಲಿಕ್ಕೇ ಮೂರು ದಿನ. ಅರೆ ಒಣಗಿದ ಫಿಲ್ಟರ್ ಹಾಕಿದ್ರೆ ಬೂಸ್ಟು ಹಿಡಿದು ರೋಬೋ ಹೋದ ಕೋಣೆಯೆಲ್ಲ ಒದ್ದೆ ಗೋಣಿಯ ವಾಸನೆ. ಎರಡು ಫಿಲ್ಟರ್ ಇಟ್ಕೊಂಡು ಬದಲಿಸಿ ಬದಲಿಸಿ ಹಾಕಿ, ಒಂದನ್ನು ಫ್ರಿಜ್ಜಿನ ಹಿಂದಿನ ಬಿಸಿಗೆ ಇಟ್ರೆ ಒಣಗ್ತದೆ. ಮೊದಲ ಮಳೆಗೆ ರೆಕ್ಕೆ ಹುಳ ಎದ್ದು ಬೆಳಿಗ್ಗೆ ಹಾಲ್ ತುಂಬ ರೆಕ್ಕೆ ಉದುರಿರ್ತದಲ್ವಾ, ಹಿಡಿಸೂಡಿ ಹಾಕಿದ್ರೆ ಹಾರಿ ಹಾರಿ ಹಿಂದೆ ಬರ್ತದೆ, ಅದಕ್ಕೆ ಮಾತ್ರ ಈ ಮೆಷಿನ್ ಭಾರೀ ಲಾಯ್ಕ, ಬದಿಯ ಬ್ರಷ್ ಸ್ಪೀಡ್ ಕಡಿಮೆ ಇಟ್ಟು ಬಿಟ್ರೆ ಒಂದೂ ಉಳಿಯುದಿಲ್ಲ.

ಅಡಿಕೆ ಸುಲಿಯುವ ಜಾಗಕ್ಕೆ ಬಿಡ್ಲೇಬೇಡಿ. ಅಡಿಕೆ ಸಿಪ್ಪೆಯ ನಾರು, ತೆಂಗಿನ ನಾರು ರೋಲರಿನ ಎರಡು ತುದಿಯ ಬುಶ್‌ಗೆ ಹೋಗಿ ಹಗ್ಗ ಹೊಸೆದ ಹಾಗೆ ಸುತ್ತಿಕೊಳ್ತದೆ, ಹೊರಗಿಂದ ಕಾಣುದೇ ಇಲ್ಲ, ತುದಿಯ ಟೋಪಿ ಕಳಚಿ ನೋಡಬೇಕು. ಅಡಿಕೆಗೆ ಬಿಡುವ ಬೋರ್ಡೋ ಮದ್ದು ಮಾಡ್ಲಿಕ್ಕೆ ತಂದ ಸುಣ್ಣದ ಹುಡಿ ಚೆಲ್ಲಿದ್ರೆ, ರಂಗೋಲಿ ಹುಡಿ, ಒಲೆಯ ಬೂದಿ, ಇವಕ್ಕೂ ಬೇಡ, ನಯ ಹುಡಿ ಫಿಲ್ಟರ್ ಕಟ್ಟಿಸ್ತದೆ. ದೇವರ ಕೋಣೆಗೆ ಹೊಸ್ತಿಲು ಎತ್ತರ ಇದ್ದದ್ದು ಪುಣ್ಯ, ಆದ್ರೆ ಹಾಲಿನ ಮೂಲೆಯಲ್ಲಿ ಸಂಜೆ ಕಾಲುದೀಪ ನೆಲದಲ್ಲಿಡುವ ಕ್ರಮ ಇದ್ರೆ ಅಲ್ಲಿಗೆ ಆಪ್‌ನಲ್ಲಿ ನೋ-ಗೋ ಝೋನ್, ಅಂದ್ರೆ ಹೋಗಬಾರದ ಜಾಗ ಅಂತ ಗುರುತು ಹಾಕ್ಲೇಬೇಕು. ಲಿಡಾರಿಗೆ ದೀಪದ ಸಪೂರ ಕಂಬ ಒಮ್ಮೊಮ್ಮೆ ಕಾಣುದಿಲ್ಲ, ಬಂದು ಗುದ್ದುತ್ತದೆ. ಎಣ್ಣೆ, ಬೆಂಕಿ, ಎರಡೂ ಉಂಟು ಅಲ್ಲಿ. ಅಮ್ಮ ಮಧ್ಯಾಹ್ನ ಕೂತು ಹೂಬತ್ತಿ ಹೊಸೆಯುವ ಜಾಗವೂ ಹಾಗೆಯೇ, ಹತ್ತಿ ಸಿಕ್ಕಿದ್ರೆ ರೋಲರ್ ನಿಂತಿತು.

ಬೆಕ್ಕಿನ ರೋಮಕ್ಕೆ ತೊಂದರೆ ಇಲ್ಲ, ಬೆಕ್ಕು ತರುವ ವಸ್ತುಗಳದ್ದು ತೊಂದರೆ. ಅರ್ಧ ಹಲ್ಲಿ, ಇಲಿಯ ತಲೆ, ಕಾರಿದ್ದು, ಇದರ ಮೇಲೆ ರೋಬೋ ಹೋದ್ರೆ ಎಳೆಯುವುದಕ್ಕಿಂತ ಇಡೀ ಹಾಲಿಗೆ ಸಾರಿಸುವುದೇ ಹೆಚ್ಚು. ಹಾಗಾಗಿ ರಾತ್ರಿಗೆ, ಬೆಳಗಿನ ಜಾವಕ್ಕೆ ಟೈಮರ್ ಇಡಬೇಡಿ, ತಿಂಡಿ ಆದ ಮೇಲೆ 10 ಗಂಟೆಗೆ ಇಡಿ, ಅಪ್ಪ ಪೇಪರ್ ಓದ್ತಾ ಒಂದು ಕಣ್ಣು ಹಾಕ್ಲಿ. ಎದುರಿಗೆ ಕ್ಯಾಮೆರಾ ಇಟ್ಟು ಇಂಥದ್ದನ್ನು ಗುರುತಿಸಿ ಸುತ್ತು ಹಾಕಿ ಹೋಗುವ ಮಾಡೆಲ್ ಉಂಟು, ಆದ್ರೆ ಕ್ಯಾಮೆರಾ ಮನೆಯೊಳಗೆ ಓಡಾಡುವುದು ನನಗೆ ಅಷ್ಟು ಸರಿ ಕಾಣುದಿಲ್ಲ. 2022ರಲ್ಲಿ ಎಂಐಟಿ ಟೆಕ್ನಾಲಜಿ ರಿವ್ಯೂ ಪತ್ರಿಕೆಯವರು ಬರೆದಿದ್ರು, ಪರೀಕ್ಷೆಗೆ ಅಂತ ಜನರ ಮನೆಗೆ ಕೊಟ್ಟ ರೋಬೋಗಳು ತೆಗೆದ ಫೋಟೋಗಳು, ಬಚ್ಚಲಲ್ಲಿ ಕೂತವರದ್ದು ಸಮೇತ, ಹೊರಗೆ ಬಂದಿದ್ವು ಅಂತ.

ವೈಫೈಗೆ ಹೆಚ್ಚಿನವು 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುದು. ಫೈಬರ್ ರೂಟರಿನಲ್ಲಿ 2.4 ಮತ್ತು 5 ಎರಡೂ ಒಂದೇ ಹೆಸರಲ್ಲಿ ಇದ್ರೆ ಮೊದಲ ಸಲ ಕನೆಕ್ಟ್ ಆಗದೆ ಸತಾಯಿಸ್ತದೆ, ಬೇರೆ ಬೇರೆ ಹೆಸರು ಮಾಡಿ. ಇದನ್ನು ಬೆಂಗಳೂರಿಂದ ಫೋನಲ್ಲಿ ಅಪ್ಪನಿಗೆ ಹೇಳಿಕೊಡ್ಲಿಕ್ಕೆ ಹೋಗ್ಬೇಡಿ, ಇಬ್ಬರಿಗೂ ಬಿಪಿ ಏರ್ತದೆ. ಮ್ಯಾಪ್ ಒಮ್ಮೆ ಆದ ಮೇಲೆ ನೆಟ್ ಇಲ್ಲದಿದ್ರೂ ಮೇಲಿನ ಬಟನ್ ಒತ್ತಿದ್ರೆ ಓಡ್ತದೆ. ಕರೆಂಟು ಬಿಲ್ಲಿನ ಹೆದರಿಕೆ ಬೇಡ, 14.4 ವೋಲ್ಟ್ 5200 ಎಂಎಎಚ್ ಬ್ಯಾಟರಿ ಪೂರ್ತಿ ಖಾಲಿಯಾಗಿ ತುಂಬಿದ್ರೂ 75 ವಾಟ್-ಅವರ್, ಯೂನಿಟ್ಟಿನ ಹತ್ತರಲ್ಲಿ ಒಂದು ಪಾಲು ಕೂಡ ಇಲ್ಲ, ಡಾಕ್ ಸುಮ್ಮನೆ ಎಳೆಯುದು ಸೇರಿದ್ರೂ ತಿಂಗಳಿಗೆ ಆರೇಳು ಯೂನಿಟ್. ಹೆದರಬೇಕಾದದ್ದು ಸಿಡಿಲಿಗೆ. ಏಪ್ರಿಲ್ ಮೇಯಲ್ಲಿ, ಮತ್ತೆ ತುಲಾ ಮಳೆಯ ಅಕ್ಟೋಬರ್ ನವೆಂಬರಲ್ಲಿ ಮಧ್ಯಾಹ್ನ ಮೇಲೆ ಮೋಡ ಕಟ್ಟಿದ ಕೂಡಲೇ ಟಿವಿ, ರೂಟರ್ ತೆಗೆಯುವಾಗ ಡಾಕಿನ ಪ್ಲಗ್ಗನ್ನೂ ಎಳೀಲಿ. ಅದಕ್ಕೇ ಡಾಕನ್ನು ಸೋಫಾದ ಹಿಂದೆ ಅಡಗಿಸಿ ಇಡದೆ ಪ್ಲಗ್ ಕೈಗೆ ಎಟಕುವಲ್ಲಿ ಇಡಿ.

ದುಡ್ಡು ಕಟ್ಟುವ ಮೊದಲು 671ರಿಂದ ಶುರುವಾಗುವ ನಿಮ್ಮ ಪಿನ್ ಕೋಡ್ ಹೇಳಿ ಸರ್ವಿಸ್ ಕೇಳಿ. ಮನೆಗೆ ಬಂದು ತಕ್ಕೊಂಡು ಹೋಗ್ತಾರಾ, ಇಲ್ಲ ನೀವೇ ಮಂಗಳೂರಿಗೋ ಕೊಚ್ಚಿಗೋ ಬೆಂಗಳೂರಿಗೋ ಕಳಿಸ್ಬೇಕಾ? ನನ್ನ ಸ್ವಂತದ್ದನ್ನೇ ಒಮ್ಮೆ ವಾರಂಟಿಯಲ್ಲಿ ಕಳಿಸಿದ್ದೆ, ಕರ್ನಾಟಕದ ಸೆಂಟರಿನವರು ನೀವು ಕೇರಳ ಅಂತ, ಕೇರಳದವರು ನಿಮಗೆ ಮಂಗಳೂರೇ ಹತ್ತಿರ ಅಂತ, ಗಡಿಯ ಗೋಳು ಇದಕ್ಕೂ ಬಂತು, 40 ದಿವಸ ಆಯ್ತು ವಾಪಸ್ ಬರ್ಲಿಕ್ಕೆ. ಲಿಥಿಯಂ ಬ್ಯಾಟರಿ ಇರುವುದರಿಂದ ಎಲ್ಲಾ ಕೊರಿಯರಿನವರು ತಕ್ಕೊಳ್ಳುದೂ ಇಲ್ಲ. ಹಾಗಾಗಿ ಬಾಕ್ಸ್ ಮತ್ತು ಒಳಗಿನ ಥರ್ಮೊಕೋಲ್ ಬಿಸಾಡದೆ ಅಟ್ಟದಲ್ಲಿಡಿ. ಎರಡು ಫಿಲ್ಟರ್, ಎರಡು ಬದಿಯ ಬ್ರಷ್, ಚೀಲದ ಪ್ಯಾಕೆಟ್ ಒಂದು, ಮೆಷಿನಿನ ಒಟ್ಟಿಗೇ ಆರ್ಡರ್ ಮಾಡಿ. ಇಂಥ ಸಾಮಾನು ಆನ್‌ಲೈನಲ್ಲಿ ಸುಲಭಕ್ಕೆ ಸಿಗುವ ಮಾಡೆಲ್ ಯಾವುದೋ ಅದೇ ಒಳ್ಳೆ ಮಾಡೆಲ್, ನನ್ನ ಮಟ್ಟಿಗೆ ಬ್ರಾಂಡಿನ ಹೆಸರು ಅದರ ನಂತರ. ಬ್ಯಾಟರಿ ಎರಡು ಮೂರು ವರ್ಷಕ್ಕೆ ಸೋಲ್ತದೆ, ಅದೂ ಸಿಗ್ತದಾ ನೋಡಿ.

ಆರ್ಡರನ್ನು ನಿಮ್ಮ ರಜೆಗೆ ಹೊಂದಿಸಿ ಮಾಡಿ, ಕಡಿಮೆ ಅಂದ್ರೆ ನಾಲ್ಕು ದಿನ ಊರಲ್ಲಿ ಇರುವ ಹಾಗೆ. ಮೊದಲ ದಿನ ಕುರ್ಚಿಗಳನ್ನು ಮೇಜಿನ ಮೇಲೆ ಕವುಚಿ, ಚಾರ್ಜರ್ ವಯರ್ ಎತ್ತಿ, ಬಾಗಿಲು ಪೂರ್ತಿ ತೆರೆದಿಟ್ಟು ಮ್ಯಾಪ್ ಮಾಡಿಸಿ, ನೀವು ಅದರ ಹಿಂದೆಯೇ ನಡೀರಿ, ಎಲ್ಲಿ ಸಿಕ್ಕಿಹಾಕ್ಕೊಳ್ತದೆ ಅಂತ ಅಲ್ಲೇ ಗೊತ್ತಾಗ್ತದೆ. ಎರಡನೇ ದಿನದಿಂದ ಅಪ್ಪ ಒಬ್ಬರೇ ಬಟನ್ ಒತ್ತಲಿ, ನೀವು ಸುಮ್ಮನೆ ಕೂತ್ಕೊಳ್ಳಿ. ಅಳತೆ ಬಂದ ಮೇಲೆ ಟೈಲ್ಸ್ ಭಾಗದಲ್ಲೂ ಬಾಗಿಲಿಗೆ 2 ಸೆಂಟಿಮೀಟರ್ ಮೇಲಿನ ಹೊಸ್ತಿಲು ಉಂಟು ಅಂತಾದ್ರೆ ರೋಬೋ ವಿಷಯ ಅಲ್ಲಿಗೇ ಬಿಡಿ, ನಿಂತುಕೊಂಡೇ ಗುಡಿಸುವ ಉದ್ದ ಹಿಡಿಯ ಕಾರ್ಡ್‌ಲೆಸ್ ಸ್ಟಿಕ್ ವ್ಯಾಕ್ಯೂಮ್ ಒಂದು, ಉದ್ದ ಕೋಲಿನ ಚಪ್ಪಟೆ ಮಾಪ್ ಒಂದು, ಎರಡೂ ಸೇರಿ 15 ಸಾವಿರದೊಳಗೆ ಆಗ್ತದೆ, ಹೊಸ್ತಿಲು ಎಷ್ಟೇ ಎತ್ತರ ಇರ್ಲಿ ಅದು ಕೈಯಲ್ಲೇ ದಾಟ್ತದೆ. ಉಳಿದ ದುಡ್ಡಲ್ಲಿ ವಾರಕ್ಕೆರಡು ಸಲ ಬರುವವರು ಯಾರಾದ್ರೂ ಸಿಗ್ತಾರಾ ಅಂತ ಅಪ್ಪ ಪುನಃ ಒಮ್ಮೆ ವಿಚಾರಿಸ್ಲಿ.